ಪೊಟ್ಟಣ ಮಡಿಕೆ, ನಾಲಿಗೆ ಎಡಕ್ಕೆ

ಹೊರಗಿನ ಊರುಗಳಲ್ಲೂ ನೋಟು ಕೂಡಿಡುವವರಿದ್ದಾರೆ. ಅಂಥವರೊಬ್ಬರು ಒಮ್ಮೆ ನಮ್ಮ ನೋಟುಮನೆ ನೋಡಲು ಬಂದಿದ್ದರು. ಕೈಗೆ ಬಿಳಿ ಗವುಸು, ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ. ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟುಕೊಂಡು ಬಂದಿದ್ದ ತಮ್ಮ ನೋಟುಗಳನ್ನು ಒಂದೊಂದಾಗಿ ತೋರಿಸಿದರು. ಒಂದರಲ್ಲೂ ಮಡಿಕೆಯಿಲ್ಲ, ಕಲೆಯಿಲ್ಲ, ಅಂಚು ಬೆರಳು ಕುಯ್ಯುವಷ್ಟು ಚೂಪು. ಒಂದರ ಸಂಖ್ಯೆಯಲ್ಲಿ ಬರೀ ಏಳುಗಳೇ ಇದ್ದವು, ಅದನ್ನು ತೋರಿಸುವಾಗ ಅವರ ಧ್ವನಿಯೇ ತಗ್ಗಿತು. ನಾನು ಕಾಫಿ ಕೊಟ್ಟು ಕಳಿಸಿದೆ. ಯಾರ ಕೈಗೂ ಹೋಗದ ನೋಟನ್ನು ಕೂಡಿಟ್ಟು ಏನು ಸುಖ ಪಡುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ. ಅಂಥದ್ದಕ್ಕೆ ನಮ್ಮಲ್ಲಿ ಮಡಿ ನೋಟು ಅನ್ನುತ್ತೇವೆ. ಬ್ಯಾಂಕಿನ ಕಟ್ಟಿನಿಂದ ಆಗಷ್ಟೇ ಬಂದದ್ದು, ಯಾರೂ ಮುಟ್ಟದ್ದು. ನಾಲ್ಕು ಕೈ ದಾಟಿತೋ, ಅದು ಮೈಲಿಗೆ ನೋಟು. ನಮ್ಮ ನೋಟುಮನೆಗೆ ಬೇಕಾದದ್ದು ಮೈಲಿಗೆಯವು ಮಾತ್ರ.

ನಮ್ಮೂರಿನಲ್ಲಿ ನೋಟನ್ನು ಬಿಡಿಸಿ ಹಲಗೆಯ ಮೇಲಿಟ್ಟು ಅರ್ಧ ಗಂಟೆ ಮುಟ್ಟದೆ ಬಿಟ್ಟರೆ ಅದು ತಾನಾಗಿ ಮಡಚಿಕೊಳ್ಳುತ್ತದೆ. ಅದುವರೆಗೆ ಅದನ್ನು ಕೈಯಿಂದ ಕೊಟ್ಟವರಲ್ಲಿ ಯಾರು ಎಲ್ಲರಿಗಿಂತ ಹೆಚ್ಚು ಮನಸ್ಸಿಲ್ಲದೆ ಕೊಟ್ಟಿದ್ದರೋ, ಅವರು ನೋಟು ಮಡಚುತ್ತಿದ್ದ ರೀತಿಯಲ್ಲಿ. ಎಲ್ಲರೂ ಮನಸಾರೆ ಕೊಟ್ಟಿದ್ದರೆ ಚಪ್ಪಟೆಯಾಗಿ ಬಿದ್ದಿರುತ್ತದೆ. ಅದು ಸಪ್ಪೆ ನೋಟು. ವರ್ಷಕ್ಕೆ ಒಂದೋ ಎರಡೋ ಸಿಗುತ್ತದೆ, ಆದರೆ ಅದರಲ್ಲಿ ನೋಡಲು ಏನೂ ಇರುವುದಿಲ್ಲವಾದ್ದರಿಂದ ಯಾರೂ ಕೂಡಿಡುವುದಿಲ್ಲ.

ಇದರ ಜೊತೆ ಬದುಕುವುದನ್ನು ಊರು ಎಂದೋ ಕಲಿತಿದೆ. ಅಂಗಡಿಯವರು ಗಲ್ಲಾದ ನೋಟುಗಳ ಮೇಲೆ ಕಾಲು ಕಿಲೋದ ಬಟ್ಟು ಹೇರಿರುತ್ತಾರೆ, ಗಿರಾಕಿಯ ಎದುರಿಗೇ ಗಿರಾಕಿಯ ಮನಸ್ಸು ಮಡಚಿಕೊಂಡು ಕೂತರೆ ಚೆನ್ನಾಗಿರುವುದಿಲ್ಲ ಎಂದು. ಮದುವೆಯಲ್ಲಿ ಬಂದ ಮುಯ್ಯಿ ಕವರುಗಳನ್ನು ಗಂಡು-ಹೆಣ್ಣು ಇಬ್ಬರೇ ಕದ ಹಾಕಿಕೊಂಡು ಒಡೆಯುತ್ತಾರೆ, ಒಳಗೆ ಅತ್ತೆ-ಮಾವಂದಿರ ನೋಟು ಎಷ್ಟು ಬಿಗಿಯಾಗಿ ಮಡಚಿಕೊಂಡಿದೆ ಎಂದು ಬೇರೆಯವರಿಗೆ ಕಾಣಬಾರದಲ್ಲ. ದೇವಸ್ಥಾನದ ಹುಂಡಿ ತೆಗೆದಾಗ ಪೂಜಾರಿಗಳು ಮೊದಲು ಒಂದು ಒದ್ದೆ ಪಂಚೆ ಹೊದಿಸುತ್ತಾರೆ. ಒಬ್ಬರ ಮನೆಗೆ ಹೋದಾಗ ಅವರು ಕೊಟ್ಟ ನೋಟನ್ನು ಬಿಡಿಸಿಟ್ಟು ಸುಮ್ಮನೆ ಕೂತುಬಿಟ್ಟರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಎಷ್ಟೋ ಸಂಸಾರಗಳು ಅಡುಗೆಮನೆಯ ಗೂಡಿನಲ್ಲಿ ಮರೆತು ಬಿಟ್ಟ ಒಂದು ನೋಟಿನಿಂದ ಮುರಿದಿವೆ. ಮಕ್ಕಳಿಗೆ ಹನ್ನೆರಡು ತುಂಬಿದಾಗ ಶಾಲೆಯಲ್ಲಿ ಮಡಿಕೆ ಪುಸ್ತಕ ತರುತ್ತಾರೆ, ಪ್ರತಿ ಮಗುವೂ ಒಂದು ಕಾಗದವನ್ನು ತನ್ನ ರೀತಿಯಲ್ಲಿ ಮಡಚಿ ಹೆಸರಿನ ಎದುರು ಅಂಟಿಸಬೇಕು. ಆಮೇಲೆ ಸಾಯುವ ತನಕ ಅದೇ. ಬದಲಾಯಿಸಲು ಹೊರಟವರ ಬೆರಳು ಮತ್ತೆ ಹಳೆಯದಕ್ಕೇ ಬಂದು ನಿಲ್ಲುತ್ತದೆ.

ನಾನು ನೋಟುಮನೆಯ ಆಯುವವನು. ಮೂವತ್ತೆಂಟು ವರ್ಷಗಳಿಂದ. ಬ್ಯಾಂಕಿನವರು ಸವೆದ ನೋಟುಗಳನ್ನು ವಾರಕ್ಕೊಮ್ಮೆ ನಮಗೆ ಕಳಿಸುತ್ತಾರೆ, ಊರಿನವರೂ ವಿಶೇಷ ಅನ್ನಿಸಿದ್ದನ್ನು ತಂದು ಕೊಟ್ಟು ಬದಲಿಗೆ ಮಡಿ ನೋಟು ಒಯ್ಯುತ್ತಾರೆ. ಗುಮಾಸ್ತೆ ಹಸೀನಾ ಬಾನು ಅವನ್ನು ಬಿಡಿಸಿ ಉದ್ದನೆಯ ಹಲಗೆಯ ಮೇಲೆ ಸಾಲಾಗಿ ಇಡುತ್ತಾಳೆ. ನಾವು ಊಟ ಮುಗಿಸಿ ಬರುವಷ್ಟರಲ್ಲಿ ಅವು ಮಡಚಿಕೊಂಡಿರುತ್ತವೆ. ಅವಳು ಒಂದೊಂದರ ಮಡಿಕೆ ಹೇಗಿದೆ ಎಂದು ದಫ್ತರದಲ್ಲಿ ಬರೆಯುತ್ತಾಳೆ, ನಾನು ಅದರ ಎದುರು ಮುದ್ರೆ ಒತ್ತುತ್ತೇನೆ. ಮುದ್ರೆ ಮೂರು. ಒಂದು 'ಉಳಿಸು'. ಒಂದು 'ಕಾಯಿಸು', ಅಂದರೆ ಇನ್ನೊಂದು ವರ್ಷ ಊರಲ್ಲಿ ಓಡಾಡಿಕೊಂಡು ಬರಲಿ ಎಂದು. ಮೂರನೆಯದು 'ಸಾಮಾನ್ಯ'. ಸಾಮಾನ್ಯವಾದವು ಶುಕ್ರವಾರ ಹಿತ್ತಲಿನ ಒಲೆಗೆ ಹೋಗುತ್ತವೆ, ಅದರ ಮೇಲೆ ನಮ್ಮ ಕಾಫಿ ಆಗುತ್ತದೆ. ಶನಿವಾರ ಆ ವಾರದ ಪಟ್ಟಿಯನ್ನು ಹೊರಗೋಡೆಗೆ ಅಂಟಿಸುತ್ತಾರೆ. ಹೆಸರು ಹಾಕುವುದಿಲ್ಲ, ಮಡಿಕೆಯ ವಿವರ ಮತ್ತು ನನ್ನ ತೀರ್ಪು ಅಷ್ಟೇ.

ಯಾವುದನ್ನು ಉಳಿಸಬೇಕು ಎಂದು ತಿಳಿಯುವುದು ಸುಲಭವಲ್ಲ. ಹತ್ತರದ್ದೋ ಸಾವಿರದ್ದೋ ಎಂಬುದು ಮುಖ್ಯವಲ್ಲ. ಬರೀ ಬಿಗಿ ಮಡಿಕೆಯೂ ಮುಖ್ಯವಲ್ಲ, ಒಂದು ವಾರದ ಮಟ್ಟಿಗೆ ಯಾರು ಬೇಕಾದರೂ ಜಿಪುಣರಾಗಬಹುದು. ನಾನು ಮೊದಲು ನೋಡುವುದು ಕೊಳೆಯನ್ನು. ಮೀನಿನ ನೀರು, ಎಣ್ಣೆ, ಬಸ್ ಕಂಡಕ್ಟರನ ಎಂಜಲು, ಗೋಂದು ಹಚ್ಚಿದ ತೇಪೆ, ಮೂಲೆ ಹರಿದ ಗುರುತು. ಅಂದರೆ ನೂರಾರು ಕೈ ದಾಟಿ ಬಂದಿರಬೇಕು. ಆ ನೂರಾರು ಕೈಗಳಲ್ಲಿ ಬಾಡಿಗೆ ಕೊಟ್ಟವರು, ದಂಡ ಕಟ್ಟಿದವರು, ಲಂಚ ತೆತ್ತವರು ಇದ್ದೇ ಇರುತ್ತಾರೆ. ಅಷ್ಟಾದ ಮೇಲೂ ಒಂದು ನೋಟು ಎಂದೋ ಒಬ್ಬರು ಮಡಚಿದ ಮಡಿಕೆಗೇ ಹಿಂದಿರುಗಿದರೆ, ಆ ಒಬ್ಬರ ಮನಸ್ಸಿಲ್ಲದಿರುವಿಕೆಯನ್ನು ಯಾರೂ ಮೀರಿಸಲಿಲ್ಲ ಎಂದಾಯಿತು. ಅದು ಉಳಿಸಬೇಕಾದ ನೋಟು. ಇನ್ನೊಂದು ಅಂಶವಿದೆ. ಆ ಮಡಿಕೆ ಒಬ್ಬರದೇ ಆಗಿರಬೇಕು. ಊರಿನ ಮುಕ್ಕಾಲು ಪಾಲು ಜನ ಎರಡು ಮಡಿಕೆ ಇಲ್ಲವೇ ನಾಲ್ಕು ಮಡಿಕೆ ಹಾಕುವವರು. ಅದು ಯಾರದೆಂದು ಹೇಳುವುದು, ಹೇಳಿ ಏನು ಮಾಡುವುದು?

ಉಳಿಸಿದವು ಪೆಟ್ಟಿಗೆಗಳಲ್ಲಿರುತ್ತವೆ. ಎಲ್ಲಕ್ಕಿಂತ ಶ್ರೇಷ್ಠವಾದ ಒಂದೇ ಒಂದು ನೋಟು ಹಜಾರದ ನಡುಗಾಜಿನಲ್ಲಿರುತ್ತದೆ, ಕೆಳಗೆ ಮಡಚಿದವರ ಹೆಸರು ಬರೆದ ಚೀಟಿಯ ಸಮೇತ. ಆ ಹೆಸರಿನವರು ಬದುಕಿದ್ದರೆ ಊರಿನವರು ಅವರನ್ನು ಬೇರೆ ಥರ ನೋಡುತ್ತಾರೆ. ಕರುಣೆಯಲ್ಲ ಅದು. ಸಾಲಿನಲ್ಲಿ ನಿಂತಿದ್ದರೆ ಮುಂದೆ ಬಿಡುತ್ತಾರೆ, ಮಾತಾಡುವಾಗ ಮಧ್ಯೆ ಬಾಯಿ ಹಾಕುವುದಿಲ್ಲ. ಹನ್ನೊಂದು ವರ್ಷ ಅಲ್ಲಿದ್ದದ್ದು ಹೊಲಿಗೆ ಯಂತ್ರ ಮಾರಿ ಬಂದ ನೋಟನ್ನು ಗಂಡನ ಕೈಗಿತ್ತ ಗಿರಿಜವ್ವನದು. ಕಳೆದ ವರ್ಷ ಅದಕ್ಕೆ ಗೆದ್ದಲು ಹಿಡಿದು ಗಾಜು ಖಾಲಿಯಾಯಿತು. ನೋಟುಮನೆಯ ಅಧ್ಯಕ್ಷರಾದ ಹಾಲಪ್ಪನವರಿಗೆ ಅದೇ ಚಿಂತೆ. ವಾರ್ಷಿಕೋತ್ಸವ ಶ್ರಾವಣದಲ್ಲಿ, ಅಷ್ಟರೊಳಗೆ ಒಳ್ಳೆಯದೊಂದನ್ನು ಹುಡುಕಿ ಎಂದು ದಿನಾ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು.

ವಾರ್ಷಿಕೋತ್ಸವ ಅಂದರೆ ನನ್ನ ಭಾಷಣ. ಪ್ರತಿ ವರ್ಷ ಅದೇ ಭಾಷಣ, ಜನ ಪ್ರತಿ ವರ್ಷ ಚಪ್ಪಾಳೆ ತಟ್ಟುತ್ತಾರೆ. ಮಡಿಕೆ ಓದುವುದನ್ನು ಕಲಿಸುವ ಹೊಳೆಯಾಚೆಯ ಮಡಿಕೆ ಶಾಲೆಗೆ ನಾನು ಹೊರಟಾಗ ನಮ್ಮ ಮನೆಯಲ್ಲಿ ದುಡ್ಡಿರಲಿಲ್ಲ. ನನ್ನ ಅಕ್ಕ ವನಜ, ವಾಮನ ಡಾಕ್ಟರ ದವಾಖಾನೆಯಲ್ಲಿ ಪುಡಿ ಔಷಧದ ಪೊಟ್ಟಣ ಮಡಚುತ್ತಿದ್ದವಳು, ತಾನು ದುಡಿದ ಹತ್ತು ರೂಪಾಯಿಯನ್ನು ಮನಸಾರೆ ನನಗೆ ಕೊಟ್ಟಳು. ಆ ಹತ್ತು ರೂಪಾಯಿ ಇಲ್ಲದಿದ್ದರೆ ನಾನು ಈ ಕುರ್ಚಿಯಲ್ಲಿ ಇರುತ್ತಿರಲಿಲ್ಲ. ಇಷ್ಟು ಹೇಳಿ ನಾನು ಕಣ್ಣು ಒರೆಸಿಕೊಳ್ಳುತ್ತೇನೆ, ನಟನೆಯಲ್ಲ ಅದು. ಅಕ್ಕ ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ. ಹಾಲಪ್ಪನವರು ಕೆಳಗಿಳಿದು ಹೋಗಿ ಅವಳಿಗೆ ಶಾಲು ಹೊದಿಸುತ್ತಾರೆ. ಅವಳ ಮನೆಯಲ್ಲಿ ಅಂಥ ಶಾಲು ಒಂದು ಟ್ರಂಕು ತುಂಬಾ ಇವೆ.

ಭಾಷಣದಲ್ಲಿ ಹೇಳದ ಒಂದು ಸಂಗತಿಯಿದೆ. ಮಡಿಕೆ ಓದುವ ಕಣ್ಣಿದ್ದದ್ದು ನನಗಲ್ಲ, ಅಕ್ಕನಿಗೆ. ಚಿಕ್ಕವಳಿದ್ದಾಗ ಕಾಳಿಂಗ ಶೆಟ್ಟರ ಅಂಗಡಿಯ ಕಟ್ಟೆಯ ಮೇಲೆ ಕೂತು, ಶೆಟ್ಟರು ಬಟ್ಟು ಎತ್ತಿದೊಡನೆ ಇದು ಇಂಥವರದು, ಇದು ಇಂಥವರ ಹೆಂಡತಿಯದು ಎಂದು ಹೇಳಿಬಿಡುತ್ತಿದ್ದಳು. ಶೆಟ್ಟರು ಮಡಿಕೆ ಪುಸ್ತಕ ತೆಗೆಸಿ ನೋಡಿದರೆ ಒಂದೂ ತಪ್ಪಿರುತ್ತಿರಲಿಲ್ಲ. ಮಡಿಕೆ ಶಾಲೆಗೆ ಆ ವರ್ಷ ನಮ್ಮೂರಿಗೆ ಒಂದೇ ಜಾಗವಿತ್ತು. ಅಪ್ಪ ನನ್ನ ಹೆಸರು ಬರೆಸಿ ಬಂದರು. ಅಕ್ಕ ಏನೂ ಹೇಳಲಿಲ್ಲ. ಅವಳು ಕೂಡಿಟ್ಟುಕೊಂಡಿದ್ದದ್ದು ಯಾವುದಕ್ಕೆ ಎಂದು ಅಪ್ಪನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳು ಏನೂ ಹೇಳಲಿಲ್ಲ ಎಂಬುದನ್ನೇ ಹಿಡಿದುಕೊಂಡು ನಾನು ಮೂವತ್ತೆಂಟು ವರ್ಷ ಮನಸಾರೆ, ಮನಸಾರೆ ಎಂದು ಮೈಕಿನಲ್ಲಿ ಹೇಳಿದೆ.

ಆಷಾಢದ ಒಂದು ಮಂಗಳವಾರ ಬ್ಯಾಂಕಿನಿಂದ ಬಂದ ಕಟ್ಟಿನಲ್ಲಿ ಒಂದು ಹಳೆಯ ಹತ್ತರ ನೋಟಿತ್ತು. ಹಸೀನಾ ಅದನ್ನು ಇಕ್ಕಳದಲ್ಲಿ ಎತ್ತಿ ಇಟ್ಟಳು, ಅಷ್ಟು ಮೆತ್ತಗಾಗಿತ್ತು. ಎರಡು ಕಡೆ ಗೋಂದಿನ ತೇಪೆ. ಅಚ್ಚೆಲ್ಲ ಮಾಸಿ ಕಾಗದ ಚಹಾ ಬಣ್ಣಕ್ಕೆ ತಿರುಗಿತ್ತು. ನಾವು ಊಟ ಮಾಡಿ ಬಂದಾಗ ಹಲಗೆಯ ಮೇಲೆ ನೋಟು ಇರಲಿಲ್ಲ, ಒಂದು ಔಷಧದ ಪೊಟ್ಟಣ ಇತ್ತು. ಉದ್ದಕ್ಕೆ ಮೂರು ಪದರ, ಎರಡು ತುದಿಯೂ ಒಳಕ್ಕೆ, ಒಂದು ತುದಿಯನ್ನು ನಾಲಿಗೆಯ ಹಾಗೆ ಇನ್ನೊಂದರ ಬಾಯೊಳಗೆ ತೂರಿಸಿದ್ದು. ತಲೆಕೆಳಗೆ ಹಿಡಿದರೂ, ಅಲುಗಿಸಿದರೂ ಒಳಗಿನ ಪುಡಿ ಚೆಲ್ಲಬಾರದು ಎಂದು ಮಾಡುವ ಮಡಿಕೆ ಅದು. ದವಾಖಾನೆಯಲ್ಲಿ ಆಗ ಆರು ಹೆಂಗಸರು ಪೊಟ್ಟಣ ಮಡಚುತ್ತಿದ್ದರು. ಐವರು ನಾಲಿಗೆಯನ್ನು ಬಲಕ್ಕೆ ತೂರಿಸುತ್ತಿದ್ದರು. ಎಡಗೈಯವಳು ಒಬ್ಬಳೇ.

ಮೂಲೆಯಲ್ಲಿ ಒಂದು ನೇರಳೆ ಚುಕ್ಕೆ ಇತ್ತು. ಗಾಯಕ್ಕೆ ಹಚ್ಚುವ ಔಷಧದ್ದು. ಆ ಚುಕ್ಕೆ ನನಗೆ ಗೊತ್ತು. ನಲವತ್ತೆರಡು ವರ್ಷದ ಹಿಂದೆ ದೋಣಿಯವನ ಮುಂದೆ ಆ ಪೊಟ್ಟಣ ಬಿಡಿಸಲು ಬಾರದೆ ನಾನು ಒದ್ದಾಡಿದ್ದೆ, ಅವನು ನಕ್ಕು ತಾನೇ ಬಿಡಿಸಿ, ಇದೇನಪ್ಪಾ ಕಲೆ ಎಂದು ಉಗುರಿನಿಂದ ಕೆರೆದು ನೋಡಿದ್ದ. ಕಲೆ ಹೋಗಿರಲಿಲ್ಲ.

ಅಂದರೆ ನಲವತ್ತೆರಡು ವರ್ಷ ಆ ನೋಟು ಊರೆಲ್ಲ ತಿರುಗಿದೆ. ಎಷ್ಟು ಜನ ಆಸ್ಪತ್ರೆಯ ಕಿಂಡಿಯಲ್ಲಿ, ಕೋರ್ಟಿನ ಮೆಟ್ಟಿಲಲ್ಲಿ ಅದನ್ನು ಕೊಟ್ಟಿರಬೇಕು. ಒಬ್ಬರಿಗೂ ನನ್ನ ಅಕ್ಕನಷ್ಟು ಮನಸ್ಸಿಲ್ಲದೆ ಕೊಡಲು ಆಗಲಿಲ್ಲ. ನನ್ನ ಕೆಲಸದಲ್ಲಿ ಅಂಥ ನೋಟನ್ನು ಅದುವರೆಗೆ ನಾನು ಕಂಡಿರಲಿಲ್ಲ, ಇನ್ನು ಮುಂದೆ ಕಾಣುವುದೂ ಇಲ್ಲ. ಗಿರಿಜವ್ವನದು ಅದರ ಮುಂದೆ ಏನೂ ಅಲ್ಲ. ಮೊದಲು ನನಗೆ ಆದದ್ದು ಸಂತೋಷ, ಹೇಳಿಬಿಡುತ್ತೇನೆ, ಕಸುಬಿನವನ ಸಂತೋಷ. ಅದು ಒಂದು ನಿಮಿಷ ಇತ್ತು. ಆಮೇಲೆ ನಡುಗಾಜಿನ ಕೆಳಗೆ ಚೀಟಿಯಲ್ಲಿ ಅಕ್ಕನ ಹೆಸರು ಕಂಡಿತು, ಅದರ ಎದುರು ಮೈಕಿನ ಮುಂದೆ ನಿಂತ ನಾನು ಕಂಡೆ.

ಹಸೀನಾ ದಫ್ತರದಲ್ಲಿ ಬರೆದಳು: ಪೊಟ್ಟಣ ಮಡಿಕೆ, ನಾಲಿಗೆ ಎಡಕ್ಕೆ. ಬರೆದು ಪೆನ್ನು ಕೆಳಗಿಡದೆ ನನ್ನ ಮುಖ ನೋಡಿದಳು. ನಾನು ಮುದ್ರೆ ತೆಗೆದುಕೊಂಡು ಒತ್ತಿದೆ. ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು.

"ಸಾರ್, ಎಡಕ್ಕೆ ಅಂತ ಬರೆದಿದ್ದೀನಿ. ಇದು ಸಾಮಾನ್ಯಾನಾ?"

ದವಾಖಾನೆಯವರೆಲ್ಲ ಹಾಗೇ ಮಡಚುತ್ತಿದ್ದರು, ಪೊಟ್ಟಣ ಮಡಿಕೆ ನೂರು ಸಿಕ್ಕಿವೆ, ಎಡ-ಬಲ ಎಂದು ಶುರು ಮಾಡಿದರೆ ಪೆಟ್ಟಿಗೆ ಸಾಲುವುದಿಲ್ಲ ಎಂದು ನಾನು ವಿವರಿಸಿದೆ. ಅವಳು ಕೇಳಿದ್ದಕ್ಕಿಂತ ಹೆಚ್ಚೇ ವಿವರಿಸಿದೆ. ತೀರ್ಪು ಆಯುವವನದು, ಗುಮಾಸ್ತೆಗೆ ಮಾತಿಲ್ಲ. ಅವಳು ಅದನ್ನು ಸಾಮಾನ್ಯದ ಬುಟ್ಟಿಗೆ ಹಾಕಿದಳು. ಎಸೆಯಲಿಲ್ಲ, ಬಗ್ಗಿ ಇಟ್ಟಳು. ಮೂರು ದಿನ ಆ ಬುಟ್ಟಿ ನನ್ನ ಕಾಲ ಬಳಿಯೇ ಇತ್ತು. ಕೈಚಾಚಿ ತೆಗೆದುಕೊಂಡು ಜೇಬಿಗಿಟ್ಟುಕೊಳ್ಳಬಹುದಿತ್ತು, ಗಾಜಿನಲ್ಲಿ ಇಡದಿದ್ದರೂ ಮನೆಯಲ್ಲಿ ಇಟ್ಟುಕೊಳ್ಳಬಹುದಿತ್ತು. ಮನೆಯಲ್ಲಿಟ್ಟರೆ ಅದನ್ನು ದಿನಾ ನೋಡಬೇಕಲ್ಲ ಎಂದು ಬಿಟ್ಟೆ. ಹಾಲಪ್ಪನವರು ಬಾಗಿಲಲ್ಲಿ ನಿಂತು ಏನಾದರೂ ಸಿಕ್ಕಿತೇ ಎಂದರು. ಈ ವಾರ ಏನೂ ಇಲ್ಲ ಎಂದೆ. ಶುಕ್ರವಾರ ಒಲೆ ಹಚ್ಚಿದರು, ಕಾಫಿ ಬಂತು, ಕುಡಿದೆ.

ಸೋಮವಾರ ಬೆಳಿಗ್ಗೆ ಅಕ್ಕ ಬಂದಳು. ನೋಟು ತಂದುಕೊಡುವವರು ಕೂರುವ ಬೆಂಚಿನ ಮೇಲೆ, ತರಕಾರಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ಒಳಗೆ ಬಾ ಎಂದರೆ ಬರಲಿಲ್ಲ. ಹೊರಗಿನ ಪಟ್ಟಿಯ ನಾಲ್ಕನೆಯದನ್ನು ಒಮ್ಮೆ ನೋಡಬೇಕಿತ್ತು ಎಂದಳು, ಯಾವುದೋ ಕಚೇರಿಯಲ್ಲಿ ಅರ್ಜಿ ಕೊಡಲು ಬಂದವಳ ಹಾಗೆ. ಸಾಮಾನ್ಯದವು ಶುಕ್ರವಾರವೇ ಒಲೆಗೆ ಹೋಗುತ್ತವೆ, ನಿನಗೆ ಗೊತ್ತಲ್ಲ ಎಂದೆ. ಮುದ್ರೆ ನೀನೇ ಒತ್ತಿದೆಯಾ ಎಂದು ಕೇಳಿದಳು. ನಾನು ಮತ್ತೆ ದವಾಖಾನೆಯ ಆರು ಹೆಂಗಸರ ಕಥೆ ತೆಗೆದೆ. ಅವಳು ಅದನ್ನು ಮುಗಿಯುವ ತನಕ ಕೇಳಿ, ಮೂಲೆಯಲ್ಲಿ ನೇರಳೆ ಇತ್ತಾ ಎಂದಳು.

ಇರಲಿಲ್ಲ ಎನ್ನಬಹುದಿತ್ತು. ಹಸೀನಾ ಮೇಜಿನ ಹಿಂದೆ ತಲೆ ತಗ್ಗಿಸಿ ಕೂತಿದ್ದಳು. ಇತ್ತು ಎಂದೆ.

ಅಕ್ಕ ಚೀಲದ ಕಿವಿಗಳನ್ನು ಒಂದಕ್ಕೊಂದು ಗಂಟು ಹಾಕಿದಳು, ಬಿಚ್ಚಿದಳು. ಆಗ ನನಗೆ ಸಿಟ್ಟು ಬಂತು. ತಪ್ಪು ಮಾಡಿದವನಿಗೆ ಬರುವ ಸಿಟ್ಟು. ಇಷ್ಟು ವರ್ಷ ಶಾಲು ಹೊದ್ದುಕೊಂಡು ಕೂತೆಯಲ್ಲ, ಇಷ್ಟವಿರಲಿಲ್ಲವಾದರೆ ಆವತ್ತೇ ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ.

"ಎಡಗೈಲಿ ಕೊಟ್ಟೆ ಕಣೋ," ಅಂದಳು ಅಕ್ಕ. "ಅಪ್ಪ ಬೈದ್ರು. ನೀನು ಇಸ್ಕೊಂಡೆ."

ನನಗೆ ನೆನಪಾಯಿತು. ಮನೆಯಲ್ಲಿ ಅಕ್ಕ ಎಡಗೈಯಲ್ಲಿ ಊಟ ಬಡಿಸಿದರೆ, ದುಡ್ಡು ಕೊಟ್ಟರೆ ಏಟು ಬೀಳುತ್ತಿತ್ತು. ಹಾಗಾಗಿ ಯಾರಿಗೆ ಏನು ಕೊಡುವಾಗಲೂ ಬಲಗೈ ಚಾಚುವುದನ್ನು ಅವಳು ಎಂಟು ವರ್ಷಕ್ಕೇ ರೂಢಿಸಿಕೊಂಡಿದ್ದಳು. ಆವತ್ತು ದವಾಖಾನೆಯ ಮೆಟ್ಟಿಲ ಮೇಲೆ ನಿಂತು ಎಡಗೈ ಚಾಚಿದ್ದಳು. ಹೊರಡುವಾಗ ಎಡಗೈಯಲ್ಲಿ ಕೊಡುತ್ತೀಯಲ್ಲೇ, ಬುದ್ಧಿ ಇಲ್ಲವಾ ಎಂದು ಅಪ್ಪ ರೇಗಿದ್ದರು. ಮರೆತಿರಬೇಕು ಪಾಪ ಎಂದುಕೊಂಡು ನಾನು ಜೇಬಿಗಿಳಿಸಿ ದೋಣಿಕಟ್ಟೆಯ ಕಡೆ ನಡೆದಿದ್ದೆ.

"ನಂಗಿಷ್ಟ ಇರ್ಲಿಲ್ಲ ಅನ್ನೋದು ಈ ಊರಲ್ಲಿ ಆ ನೋಟೊಂದಕ್ಕೇ ಗೊತ್ತಿದ್ದದ್ದು," ಅಂದಳು. "ಅದು ಎಲ್ಲೋ ಓಡಾಡ್ಕೊಂಡಿದೆ, ಒಂದಿನ ಇಲ್ಲಿಗೆ ಬರತ್ತೆ, ಬಂದಾಗ ನನ್ ತಮ್ಮ ಚಿದು ನೋಡ್ತಾನೆ ಅಂತಿದ್ದೆ. ಅದನ್ನೂ ಸುಟ್ಟುಬಿಟ್ಯಲ್ಲ."

ಅಷ್ಟು ಹೇಳಿ ಎದ್ದಳು. ಹಸೀನಾ ಅವಳ ಜೊತೆ ಬಾಗಿಲ ತನಕ ಹೋದಳು.

ಆ ವರ್ಷದ ವಾರ್ಷಿಕೋತ್ಸವಕ್ಕೆ ಅಕ್ಕ ಬರಲಿಲ್ಲ. ಮಂಡಿ ನೋವಂತೆ ಎಂದು ನಾನೇ ಎಲ್ಲರಿಗೂ ಹೇಳಿದೆ. ನಡುಗಾಜಿನಲ್ಲಿ ಒಬ್ಬ ಕಂಟ್ರಾಕ್ಟರನ ನೋಟು ಇಟ್ಟೆವು, ದಂಡ ಕಟ್ಟುವಾಗ ಕೊಟ್ಟದ್ದು, ಸುರುಳಿ ಮಡಿಕೆ. ಎಂಟು ತಿಂಗಳ ಕೊಳೆ ಕೂಡ ಇರಲಿಲ್ಲ ಅದರ ಮೇಲೆ. ಜನ ನೋಡಿ ತಲೆಯಾಡಿಸಿ ಮುಂದೆ ಹೋದರು. ಭಾಷಣದಲ್ಲಿ ನಾನು ಕಟ್ಟಡದ ಸೋರಿಕೆಯ ಬಗ್ಗೆ ಮಾತಾಡಿದೆ.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಅಕ್ಕ ನೋಟು ಮುಟ್ಟುವುದನ್ನು ಬಿಟ್ಟಿದ್ದಾಳಂತೆ. ಭಾವನ ಪಿಂಚಣಿ ಬಂದ ದಿನ ಪೋಸ್ಟ್‌ಮ್ಯಾನ್ ಕೈಯಲ್ಲೇ ಎಲ್ಲವನ್ನೂ ಚಿಲ್ಲರೆ ಮಾಡಿಸಿಕೊಳ್ಳುತ್ತಾಳಂತೆ. ಹಾಲಿಗೂ ನಾಣ್ಯ, ಸೀಮೆಎಣ್ಣೆಗೂ ನಾಣ್ಯ. ಸೊಂಟದಲ್ಲಿ ಚೀಲ ಭಾರವಾಗಿ ಒಂದು ಕಡೆ ವಾಲಿಕೊಂಡು ನಡೆಯುತ್ತಾಳೆ ಎಂದು ಪೇಟೆಯಲ್ಲಿ ನಗುತ್ತಿದ್ದರು. ನಾಣ್ಯ ಮಡಚಿಕೊಳ್ಳುವುದಿಲ್ಲ. ಯಾರು ಹೇಗೆ ಕೊಟ್ಟರೂ ಅದು ದುಂಡಗೇ ಇರುತ್ತದೆ.

ನನಗೆ ನಿದ್ದೆ ಬರುತ್ತಿರಲಿಲ್ಲ ಎಂದೇನೂ ಇಲ್ಲ, ಬರುತ್ತಿತ್ತು. ಆದರೆ ಊಟ ರುಚಿಸುತ್ತಿರಲಿಲ್ಲ. ಗೌರಿ ಹಬ್ಬ ಹತ್ತಿರ ಬಂತು. ಹಬ್ಬಕ್ಕೆ ಅಣ್ಣತಮ್ಮಂದಿರು ಅಕ್ಕತಂಗಿಯರಿಗೆ ಅರಿಸಿನ-ಕುಂಕುಮಕ್ಕೆಂದು ದುಡ್ಡು ಕೊಡುವುದು ನಮ್ಮಲ್ಲಿ ಎಲ್ಲರ ಮನೆಯ ಪದ್ಧತಿ. ಸಾಮಾನ್ಯವಾಗಿ ನೂರು ಕೊಡುತ್ತಿದ್ದವನು ಈ ಸಲ ಐನೂರು ಎಂದು ನಿಶ್ಚಯಿಸಿದೆ. ಬ್ಯಾಂಕಿಗೆ ನಾನೇ ಹೋದೆ. ಹೊಸ ಕಟ್ಟು ಒಡೆಸಿ ಮೊದಲನೆಯ ಮಡಿ ನೋಟು ತೆಗೆದುಕೊಂಡೆ. ಬೇರೆ ಯಾರ ಮನಸ್ಸೂ ಅದರ ಮೇಲೆ ಇರಬಾರದು, ನನ್ನದು ಮಾತ್ರ ಇರಲಿ ಎಂದು. ಅಕ್ಕ ಅದನ್ನು ಮನೆಯಲ್ಲಿ ಬಿಡಿಸಿಡುತ್ತಾಳೆ, ಅರ್ಧ ಗಂಟೆ ಕಾಯುತ್ತಾಳೆ, ಅದು ಚಪ್ಪಟೆಯಾಗಿಯೇ ಇರುತ್ತದೆ. ಅವಳಿಗಿಂತ ಚೆನ್ನಾಗಿ ಅದನ್ನು ಓದಬಲ್ಲವರು ಯಾರಿದ್ದಾರೆ? ಬಾಯಲ್ಲಿ ಹೇಳಲಾಗದ್ದನ್ನು ಹಾಗೆ ಹೇಳಿಬಿಡೋಣ ಎಂದುಕೊಂಡೆ. ಆ ಉಪಾಯ ಹೊಳೆದ ದಿನ ಎರಡು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದೆ.

ಹಬ್ಬದ ದಿನ ಭಾವ ಬಾಗಿಲು ತೆಗೆದರು. ಅವರಿಗೆ ಕಿವಿ ಕೇಳಿಸುವುದಿಲ್ಲ, ನನ್ನ ಹೊಸ ಪಂಚೆ ನೋಡಿ ನಕ್ಕರು. ಅಕ್ಕ ಹಿತ್ತಾಳೆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬಂದಳು, ಅದರಲ್ಲಿ ಎಲೆ, ಅಡಿಕೆ, ಎರಡು ಬಳೆ. ಎಲೆಯ ಮೇಲೆ ನಾನು ನೋಟು ಇಟ್ಟೆ. ಅವಳು ತಟ್ಟೆಯನ್ನು ದೇವರ ಮುಂದಿಟ್ಟಳೇ ಹೊರತು ನೋಟನ್ನು ಮುಟ್ಟಲಿಲ್ಲ. ಹೋಳಿಗೆ ಬಡಿಸಿದಳು, ತುಪ್ಪ ಹಾಕಿದಳು, ಮಳೆಯ ಮಾತಾಡಿದಳು. ನಾನು ಹೊರಡುವಾಗ ಅರಿಸಿನ ಹಚ್ಚಿದ ಹೊಸ್ತಿಲಲ್ಲಿ ನಿಂತು, ನೀನು ಕೊಡುವುದೇ ಬೇಡವಾಗಿತ್ತು ಎಂದಳು. ಎಲ್ಲರೂ ಹೇಳುವ ಉಪಚಾರದ ಮಾತು ಎಂದುಕೊಂಡು ಬಂದೆ.

ಮಾರನೆಯ ದಿನವೇ ಆ ತಟ್ಟೆಯನ್ನು ಹಾಗೇ ಎತ್ತಿಕೊಂಡು ಕಾಳಿಂಗ ಶೆಟ್ಟರ ಮಗನ ಅಂಗಡಿಗೆ ಹೋದಳಂತೆ. ತಟ್ಟೆಯಿಂದ ಅವನೇ ನೋಟು ತೆಗೆದುಕೊಳ್ಳಬೇಕು, ಬದಲಿಗೆ ತಟ್ಟೆಗೇ ನಾಣ್ಯ ಸುರಿಯಬೇಕು ಎಂದಳಂತೆ. ಅವನಿಗೂ ಅಷ್ಟು ನಾಣ್ಯ ಹೊಂದಿಸಲು ಸಾಕಾಗಿ ಹೋಯಿತಂತೆ. ಹೊಸ ನೋಟಲ್ಲವೇ ಎಂದು ಬಟ್ಟಿನ ಕೆಳಗಿಡದೆ ಪಕ್ಕದಲ್ಲಿಟ್ಟು ಬೇರೆ ಗಿರಾಕಿಯ ಕಡೆ ತಿರುಗಿದ. ತಿರುಗಿ ನೋಡುವಷ್ಟರಲ್ಲಿ ಅದು ಮಡಚಿಕೊಂಡಿತ್ತು. ಮಡಿ ನೋಟು ಮಡಚಿಕೊಂಡದ್ದನ್ನು ಅವನು ನೋಡೇ ಇರಲಿಲ್ಲ, ವಿಶೇಷವಿರಬಹುದು ಎಂದು ನಮ್ಮಲ್ಲಿಗೆ ತಂದುಕೊಟ್ಟ. ಇದಿಷ್ಟನ್ನೂ ಬೆಂಚಿನ ಮೇಲೆ ಕೂತು ಅವನೇ ಹೇಳಿದ. ಹಸೀನಾ ಅವನಿಗೆ ಇನ್ನೊಂದು ಐನೂರು ಕೊಟ್ಟು ಕಳಿಸಿ, ನೋಟನ್ನು ಬಿಡಿಸಿ ಹಲಗೆಯ ಮೇಲಿಟ್ಟಳು.

ಆ ಮಧ್ಯಾಹ್ನ ನಾನು ಊಟಕ್ಕೆ ಏಳಲಿಲ್ಲ. ಮೂವತ್ತೆಂಟು ವರ್ಷದಲ್ಲಿ ನೋಟು ಮಡಚಿಕೊಳ್ಳುವುದನ್ನು ಕೂತು ನೋಡಿದ್ದು ಅದೇ ಮೊದಲು. ಮೊದಲು ಸರಿಯಾಗಿ ಅರ್ಧಕ್ಕೆ ಬಗ್ಗಿತು, ಅಂಚಿಗೆ ಅಂಚು ಕೂಡಿತು. ಮತ್ತೆ ಅರ್ಧಕ್ಕೆ. ಆಮೇಲೆ ಮಡಿಕೆಯ ಉದ್ದಕ್ಕೂ ಯಾರೋ ಹೆಬ್ಬೆರಳಿನ ಉಗುರು ಎಳೆದ ಹಾಗೆ ಒಂದು ಗೆರೆ ಬಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ ಮಡಿಕೆ ಪುಸ್ತಕದಲ್ಲಿ ನಾನು ಅಂಟಿಸಿದ್ದು ಅದನ್ನೇ. ಆ ನೋಟು ಬ್ಯಾಂಕಿನ ಕಟ್ಟಿನಿಂದ ನನ್ನ ಕೈಗೆ, ನನ್ನ ಕೈಯಿಂದ ತಟ್ಟೆಗೆ, ತಟ್ಟೆಯಿಂದ ಅಂಗಡಿಗೆ ಬಂದಿತ್ತು. ಕೊಟ್ಟ ಕೈ ನನ್ನದೊಂದೇ.

ತಟ್ಟೆಗೆ ನೋಟು ಇಡುವಾಗ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಬಹಳ ಯೋಚಿಸಿದೆ. ಐನೂರು ಎಂದು ನೋವಾಗಿರಲಿಲ್ಲ, ಅದು ಖಂಡಿತ. ಇಲ್ಲಿಗೆ ಮುಗಿಯಿತು, ಇನ್ನು ನನ್ನನ್ನು ಏನೂ ಕೇಳಬೇಡ ಎಂದಿತ್ತು. ಅವಳು ಕಣ್ಣೆತ್ತಿ ನೋಡಲಿ, ನೋಡಿ ಕರಗಲಿ ಎಂದಿತ್ತು. ಅವಳು ಕರಗದೆ ತಟ್ಟೆ ತಿರುಗಿಸಿದಾಗ, ಇಷ್ಟು ಕೊಟ್ಟರೂ ಸಾಲದೇ ಎಂದಿತ್ತು. ಬೆರಳು ನೋಟನ್ನು ಬಿಟ್ಟಿತ್ತೋ ಇಲ್ಲವೋ ಆಗ. ಬಿಟ್ಟಿರಲಿಲ್ಲ ಎಂದು ಕಾಣುತ್ತದೆ.

ಹಸೀನಾ ಕೈ ತೊಳೆದುಕೊಂಡು ಬಂದು ದಫ್ತರ ತೆಗೆದಳು. ನೋಡಿದಳು. ಅವಳಿಗೂ ಗೊತ್ತಾಯಿತು, ನನ್ನ ಸಂಬಳದ ನೋಟುಗಳನ್ನು ನಾನು ಮಡಚುವುದನ್ನು ತಿಂಗಳು ತಿಂಗಳೂ ನೋಡುವವಳು. ಬರೆದಳು: ನಾಲ್ಕು ಮಡಿಕೆ, ಉಗುರುಗೆರೆ. ಬರೆದು ದಫ್ತರವನ್ನು ನನ್ನ ಕಡೆ ತಿರುಗಿಸಿದಳು. ಬೇಕಾದರೆ 'ಕಾಯಿಸು' ಒತ್ತಬಹುದಿತ್ತು, ಊರಿಗೆ ಬಿಟ್ಟರೆ ನನಗಿಂತ ಜಿಪುಣನೊಬ್ಬ ಸಿಕ್ಕು ನನ್ನ ಮಡಿಕೆ ಅಳಿಸಿಹೋಗುತ್ತಿತ್ತು. ಕೊಳೆಯಿಲ್ಲ, ತೇಪೆಯಿಲ್ಲ, ಎರಡು ದಿನದ ವಯಸ್ಸು, ಊರಿನ ಅರ್ಧ ಜನರ ಮಡಿಕೆ. ನಾನು ಕಲಿತ ಯಾವ ಲೆಕ್ಕದಲ್ಲೂ ಅದಕ್ಕೆ ಒಂದೇ ಮುದ್ರೆ, 'ಸಾಮಾನ್ಯ'. ಒತ್ತಿದೆ.

ಶನಿವಾರ ಪಟ್ಟಿ ಅಂಟಿಸಿದರು. ಹನ್ನೊಂದು ಗಂಟೆಯ ಹೊತ್ತಿಗೆ ಅಕ್ಕ ಒಂದು ಕಡೆ ವಾಲಿಕೊಂಡು ಬಂದಳು. ನಾನು ಕಿಟಕಿಯ ಪಕ್ಕ ನಿಂತಿದ್ದೆ. ಅವಳು ಕನ್ನಡಕ ಏರಿಸಿಕೊಂಡು ಮೇಲ್ಗಡೆಯಿಂದ ಬೆರಳಿಟ್ಟು ಓದುತ್ತಾ ಬಂದಳು, ಎಡಗೈ ಬೆರಳು. ನಾಲ್ಕು ಮಡಿಕೆ, ಉಗುರುಗೆರೆ ಎಂದಿದ್ದ ಆರನೆಯ ಸಾಲಿನಲ್ಲಿ ಬೆರಳು ನಿಂತಿತು. ಹಸೀನಾ ಹೊರಗೆ ಹೋಗಿ ಅವಳ ಪಕ್ಕ ನಿಂತಳು.

"ಇದನ್ನ ಸರಿಯಾಗಿ ನೋಡಿದಾನೆ," ಅಂದಳು ಅಕ್ಕ, ಕಿಟಕಿಯ ಕಡೆ ತಿರುಗದೆ. ಆಮೇಲೆ ಸೊಂಟದ ಚೀಲ ಸರಿಮಾಡಿಕೊಂಡು ಸೊಪ್ಪಿನವಳ ಹತ್ತಿರ ಹೋದಳು.